ನಲವತ್ತು ಹೂ

ಷಟರು ಅರ್ಧ ಎಳೆದಾಗಿತ್ತು.
ಹನುಮಸಾಗರದ ಕೊನೆಯ ಬಸ್ಸು ಕುಷ್ಟಗಿ ಬಿಟ್ಟಿತ್ತು.
ಬಗ್ಗಿ ಒಳಗೆ ಬಂದಳು ಗಾಳೆಮ್ಮ,
ಸೆರಗಿನ ಗಂಟು ಬಿಚ್ಚಿ ಚೀಟಿಯೊಂದನ್ನು
ಕೀಬೋರ್ಡಿನ ಮೇಲಿಟ್ಟಳು:
"ಮೌಲಾ, ನನ್ನ ವಹಿ ಎಲ್ಲಿಗಿ ಹೋಗೇತಿ, ನೋಡಪಾ."

ಚೀಟಿಯಲ್ಲಿ ಸೊನ್ನೆ, ಎಕ್ಸು, ಆಮೇಲೆ
ಅರ್ಥವಿಲ್ಲದ ಅಕ್ಷರ, ಅಂಕಿಗಳ ಉದ್ದನೆ ಸಾಲು.
ಕಂಪನಿಯ ಹುಡುಗ ಅವಸರದಲ್ಲಿ ಗೀಚಿದ್ದು,
ಅವನ ಬಿ ಆರಿನಂತಿತ್ತು.
ಎರಡು ಸಲ ತಪ್ಪಿ, ಮೂರನೆಯ ಸಲ ತೆರೆಯಿತು.

ಹನ್ನೊಂದು ವರ್ಷ ಬದನೆಯ ನೆಟ್ ಮನೆಯಲ್ಲಿ
ಕ್ರಾಸಿಂಗ್ ಮಾಡಿದ ಕೈ ಅವಳದು.
ಸಂಜೆ ಮೊಗ್ಗು ಬಿಡಿಸಿ, ಚಿಮಟದಿಂದ ಗಂಡು ಎಸಳು ಕಿತ್ತು,
ಬೆಳಗಿನ ಹೊತ್ತು ಪುಡಿ ಮುಟ್ಟಿಸಿ
ತೊಟ್ಟಿಗೊಂದು ಉಲ್ಲನ್ ದಾರ:
ಸೋಮವಾರ ಕೆಂಪು, ಮಂಗಳವಾರ ಹಳದಿ.
ಯಾರೂ ಕೇಳದಿದ್ದರೂ ಬರೆದಿಟ್ಟಳು,
ಎಷ್ಟು ಹೂ, ಎಷ್ಟು ನಿಂತವು,
ಇವತ್ತು ಬಿಸಿಗಾಳಿ, ಇವತ್ತು ಮೋಡ, ಪುಡಿ ಹಸಿ.

ಅವರು ಬಂದರು. ಪುಟ ಪುಟದ ಫೋಟೊ ಹೊಡೆದರು.
ಮೂರು ಸಾವಿರ ಕೊಟ್ಟು ಹೇಳಿದರಂತೆ:
ಅಮ್ಮಾ, ನಿಮ್ಮ ವಹಿ ಇನ್ನು ಡೇಟಾ ಅಲ್ಲ, ಆಸ್ತಿ,
ಅದಕ್ಕೆ ಟೋಕನ್ ಮಾಡಿದ್ದೇವೆ.

"ಟೋಕನ್ ಅಂದ್ರ ಪಾಳಿ ಅಲ್ಲೇನು? ನನ್ನ ಪಾಳಿ ಯಾವಾಗ?"
ಗಿರಣಿಯ ಪಾಳಿಯಲ್ಲವ್ವಾ ಇದು.
"ಆಸ್ತಿ ಅಂದ್ಮ್ಯಾಲ ಪಾಣಿ ಇರಬೇಕು.
ಪಾಣ್ಯಾಗ ಯಾರ ಹೆಸರೈತಿ, ಓದು."

ಓದಿದೆ.
ಮಾಲೀಕ: ಇನ್ನೊಂದು ಸೊನ್ನೆ, ಇನ್ನೊಂದು ಎಕ್ಸು.
ಹುಟ್ಟಿದ್ದು ಮಾರ್ಚ್ ಒಂಬತ್ತು, ಮಧ್ಯಾಹ್ನ.
ತುಂಡುಗಳು ಒಂದು ಸಾವಿರ. ಕೈ ಬದಲಿ ನಾಲ್ಕು.
ಪ್ರತಿ ಬ್ಲಾಕೂ ಹಿಂದಿನದರ ಬೆರಳು ಹಿಡಿದು
ಕತ್ತಲಲ್ಲಿ ಸಾಲಾಗಿ ನಿಂತಿತ್ತು.
ಕೆಳಗೆ, ಬಹಳ ಕೆಳಗೆ, ಸಣ್ಣ ಅಕ್ಷರದಲ್ಲಿ,
ಮೂಲ: ಕೆಲಸಗಾರ್ತಿ, ಏಳು.

"ಏಳು!" ಅಂದಳು. ಮುಖ ಅರಳಿತು.
"ನೆಟ್ ಮನ್ಯಾಗ ಏಳನೇ ಸಾಲು ನಂದ."

ವಹಿ ಇಲ್ಲಿಲ್ಲ, ಅದರ ಹೆಬ್ಬೆಟ್ಟಷ್ಟೇ ಇರುವುದು ಅಂದೆ.
ಒಂದು ಚುಕ್ಕೆ ಅಳಿಸಿದರೂ ಹೆಬ್ಬೆಟ್ಟು ಬೇರೆಯಾಗುತ್ತೆ,
ಕಳ್ಳತನ ಗೊತ್ತಾಗುತ್ತೆ.
ವಹಿ ಇರುವ ಕಡೆಗೊಂದು ಕೊಂಡಿ ಇತ್ತು. ಒತ್ತಿದೆ.
ಬಿಳಿ ಪುಟ. ತಿರುಗುವ ಚಕ್ರ.
ತಲೆಯ ಮೇಲಿನ ಫ್ಯಾನೂ ಅದನ್ನೇ ಮಾಡುತ್ತಿತ್ತು.

"ಹಂಗಾದ್ರ," ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು,
"ಬರದದ್ದು ಅಳಸಾಕ ಬರೂದಿಲ್ಲ?"
ಇಲ್ಲ.
"ಯಾರಿಗೂ?"
ಯಾರಿಗೂ.
"ಆವತ್ತಿಂದೂ?"

ಆವತ್ತು ಅವಳು ಹೊಲಕ್ಕೇ ಹೋಗಿರಲಿಲ್ಲ.
ತಂಗಿಯನ್ನು ಕರಕೊಂಡು ಗಂಗಾವತಿಗೆ ಓಡಿ,
ಮ್ಯಾಟಿನಿ ನೋಡಿ, ಮಿರ್ಚಿ ತಿಂದು, ಬಾಯಿ ಸುಟ್ಟುಕೊಂಡು,
ಟಂಟಂ ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಮನೆಗೆ ಬಂದು
ಚಿಮಣಿ ಬೆಳಕಲ್ಲಿ ಬರೆದಳು:
ಹೂ ನಲವತ್ತು. ನಿಂತವು ಮೂವತ್ತೆಂಟು.
ಹವಾ ಚಲೋ.

"ಎರಡು ಉದುರಿಸೀನಿ ನೋಡು,
ಇಲ್ಲಾಂದ್ರ ಯಾರು ನಂಬತಾರ?"

ಬಾಯಿಗೆ ಸೆರಗು ಹಿಡಿದು ನಕ್ಕಳು.
ನಾನೂ ನಕ್ಕೆ. ಹನ್ನೊಂದು ವರ್ಷದಲ್ಲಿ
ಅಷ್ಟು ಹೂ ನಿಂತ ದಿನ ಇನ್ನೊಂದಿರಲಿಲ್ಲವಂತೆ.
ಎಲ್ಲೋ ಒಂದು ಯಂತ್ರ ಈಗ
ಆ ದಿನದ ಗಾಳಿಯನ್ನು, ಬಿಸಿಲನ್ನು, ತೇವವನ್ನು
ಮತ್ತೆ ಮತ್ತೆ ಕೂಡಿ ಕಳೆದು ಹುಡುಕುತ್ತಿರಬಹುದು,
ಮೂವತ್ತೆಂಟು ಹೇಗೆ ನಿಂತವು?
ಮಿರ್ಚಿಯ ಸುಳಿವು ಅದಕ್ಕೆ ಹತ್ತುವುದಿಲ್ಲ.

ಹತ್ತು ರೂಪಾಯಿ ಇಟ್ಟಳು, ತಗೊಳ್ಳಲಿಲ್ಲ.
ಚೀಟಿ ಮತ್ತೆ ಗಂಟಿಗೆ ಸೇರಿತು.
ಅವಳು ಹೋದ ಮೇಲೆ ಕಂಡೆ,
ಕೀಲಿಗಳ ಸಂದಿಯಲ್ಲಿ ಹಳದಿ ಉಲ್ಲನ್ನಿನ ಎಳೆ.
ಹೌದಲ್ಲ, ಇವತ್ತು ಮಂಗಳವಾರ.

ಆರಿಸುವ ಮುನ್ನ ಪರದೆ ಇನ್ನೊಮ್ಮೆ ನೋಡಿದೆ.
ಕೈ ಬದಲಿ: ಐದು.
ನಾವು ನಗುತ್ತಿದ್ದ ಹೊತ್ತಿಗೇ ಯಾರೋ
ಅರಳದ ಆ ನಲವತ್ತು ಹೂವನ್ನು
ಕೊಂಡುಕೊಂಡಿದ್ದರು.